ನಾಲ್ಕನೇ ಕಾರಣ

ಸವಣೂರಿನಲ್ಲಿ ಒಂಟಿ ಹೆಂಗಸಿಗೆ ಬಾಡಿಗೆ ಕೋಣೆ ಸಿಗುವುದಿಲ್ಲ ಎನ್ನುವುದು ಧಾರವಾಡದಲ್ಲಿ ಕೂತು ಪ್ರವಾಸದ ಪಟ್ಟಿ ಹಾಕಿದ ನಮ್ಮ ನಿರ್ದೇಶಕರಿಗೆ ಹೊಳೆದಿರಲಿಲ್ಲ. ಮಠದ ಕಡೆಯ ಓಣಿಯಲ್ಲಿ ನಮ್ಮವರ ಮನೆಗಳೇ ಇದ್ದವು. ಗೋತ್ರ ಕೇಳಿದರು, ಅಜ್ಜನ ಹೆಸರು ಕೇಳಿದರು, ಎಲ್ಲ ಸರಿಹೋಯಿತು. ಕಡೆಗೆ "ಜೋಡಿ ಯಾರಿರ್ತಾರ?" ಎಂದರು. ಯಾರೂ ಇಲ್ಲ ಎಂದೊಡನೆ ಒಬ್ಬರ ಕೋಣೆಯಲ್ಲಿ ಜೋಳದ ಚೀಲ ತುಂಬಿಕೊಂಡವು, ಇನ್ನೊಬ್ಬರ ಮಗ ಊರಿಗೆ ಬರುವವನಾದ. ಮೂವತ್ತು ದಾಟಿದರೂ ಮದುವೆಯಾಗದೆ ಕಾಗದದ ಕಟ್ಟು ಹಿಡಿದು ಊರೂರು ತಿರುಗುವ ಹೆಣ್ಣೆಂದರೆ ಮನೆಯೊಳಗೆ ಬಿಟ್ಟುಕೊಳ್ಳಲು ಧೈರ್ಯ ಸಾಲಲಿಲ್ಲವೋ ಏನೋ. ಸಿಟ್ಟು ನೆತ್ತಿಗೇರಿತ್ತು, ಆದರೆ ರಾತ್ರಿಯಾಗುವ ಮೊದಲು ಎಲ್ಲಾದರೂ ಟ್ರಂಕು ಇಳಿಸಬೇಕಿತ್ತಲ್ಲ. ಕೋಣೆ ಕೊಟ್ಟವರು ಎಲೆಬಳ್ಳಿ ತೋಟವಿದ್ದ ಒಂದು ಮುಸಲ್ಮಾನ ಮನೆತನದ ಹಿರಿಯಾಕೆ. "ಬೀದಿ ಕಡೆ ಬ್ಯಾರೆ ಬಾಗಲಾ ಐತ್ರಿ ಅಕ್ಕಾರ, ಯಾರ ಕಾಟಾನೂ ಇರಂಗಿಲ್ಲ," ಎಂದು ಕೀಲಿಕೈ ಕೊಟ್ಟರು. ಅವರು ಹೇಳಿದಂತೆಯೇ ಆಯಿತು, ವರ್ಷವಿಡೀ ಆ ಬಾಗಿಲನ್ನು ಒಬ್ಬರೂ ತಟ್ಟಲಿಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮದು ಸರಕಾರಿ ಕಚೇರಿಯೂ ಅಲ್ಲ, ಕಾಲೇಜೂ ಅಲ್ಲ. ಓದಿದ ಕೆಲವು ಜನ ಕೂಡಿ ಕಟ್ಟಿದ, ಲಾಭದ ಆಸೆಯಿಲ್ಲದ ಸಂಶೋಧನಾ ಸಂಸ್ಥೆ. ಯಾವುದಾದರೂ ಇಲಾಖೆ ತನ್ನ ಯೋಜನೆಯಿಂದ ಜನರಿಗೆ ಏನಾಯಿತು ನೋಡಿ ಹೇಳಿ ಎಂದು ಅನುದಾನ ಕೊಟ್ಟರೆ ನಮಗೆ ಪಗಾರ. ಕೊಡದಿದ್ದರೆ ಗ್ರಂಥಾಲಯದ ಪುಸ್ತಕಗಳ ಧೂಳು ಹೊಡೆಯುತ್ತ ಕೂರುವುದು. ಆ ಸಲ ಸಿಕ್ಕದ್ದು ಕುಡಿಯುವ ನೀರಿನ ಅಧ್ಯಯನ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲೂಕುಗಳ ಹಳ್ಳಿಗಳಲ್ಲಿ ಇಲಾಖೆ ಕೊಳವೆ ಬಾವಿ ಕೊರೆಸಿ ಕೈಪಂಪು ಕೂರಿಸಿತ್ತು. ಊರವರ ಬಾಯಲ್ಲಿ ಅದು ಬೋರಿಂಗು. ಬೋರಿಂಗು ಊರ ನಡುವೆಯೇ ನಿಂತು ನೀರು ಕೊಡುತ್ತಿದ್ದರೂ ಹೆಂಗಸರು ಕೊಡ ಹೊತ್ತು ಹಳೆಯ ಬಾವಿಗೇ ಹೋಗುತ್ತಿದ್ದರು. ಯಾಕೆ ಎಂದು ನಾವು ಹೇಳಬೇಕಿತ್ತು.

ನಮ್ಮ ಉತ್ತರಕ್ಕೆ ತೂಕವಿತ್ತು. ಬೋರಿಂಗು ಸರಿಯಾಗಿ ನಡೆಯುವ ಊರುಗಳಲ್ಲಿ ಹಳೆಯ ಬಾವಿಗಳನ್ನು ಹೂಳು ತೆಗೆಸುವ, ಕಟ್ಟೆ ರಿಪೇರಿ ಮಾಡಿಸುವ ಪಟ್ಟಿಯಿಂದ ತೆಗೆದುಹಾಕುವ ಪ್ರಸ್ತಾಪ ಇಲಾಖೆಯಲ್ಲಿ ಸಿದ್ಧವಾಗಿ ಕೂತಿತ್ತು. ಪಟ್ಟಿಯಿಂದ ಬಿದ್ದ ಬಾವಿಯನ್ನು ಆಮೇಲೆ ಯಾರೂ ನೋಡುವುದಿಲ್ಲ. ಕಟ್ಟೆ ಕುಸಿದು, ಕಸ ಬಿದ್ದು ಮುಚ್ಚಿಹೋಗುತ್ತದೆ. ನಮ್ಮ ವರದಿ ಬಂದ ಮೇಲೆ ಸಹಿ ಎಂದು ಕಾದಿದ್ದರು. ಅನುದಾನದಲ್ಲಿ ಅರ್ಧ ಮೊದಲೇ ಬಂದು ಖರ್ಚಾಗಿತ್ತು. ಉಳಿದರ್ಧ ಮಾರ್ಚ್ ಅಖೇರಿಯೊಳಗೆ ವರದಿ ಒಪ್ಪಿಸಿದರೆ ಮಾತ್ರ ಸಿಗುವುದಿತ್ತು.

ಪ್ರಶ್ನಾವಳಿ ತಯಾರಾದದ್ದು ಧಾರವಾಡದಲ್ಲಿ, ಚಹಾ ಕುಡಿಯುತ್ತ. ಬೋರಿಂಗು ಬಳಸದಿರಲು ಕಾರಣಗಳನ್ನು ಅಂಕಿ ಹಾಕಿ ಅಚ್ಚು ಮಾಡಿಸಬೇಕಿತ್ತು, ಆಮೇಲೆ ಎಣಿಸುವುದಕ್ಕೆ ಸುಲಭವೆಂದು. ಒಂದು, ದೂರ. ಎರಡು, ಕೆಟ್ಟಿದೆ. ಮೂರು, ಪಾಳಿಯ ಜಗಳ. ಅಷ್ಟರಲ್ಲಿ ನಿರ್ದೇಶಕರು ನಕ್ಕು, "ನಮ್ಮ ಅಜ್ಜಿ ಸಾಯೋತನಕಾ ಪಂಪಿನ ನೀರು ಅಡಗಿಮನಿಯೊಳಗ ಬಿಡಲಿಲ್ಲ ನೋಡ್ರಿ. ಒಳಗ ತೊಗಲಿನ ವಾಶರ್ ಇರ್ತದ, ಮಡಿಗೆ ನಡಿಯೂದಿಲ್ಲ ಅಂತಿದ್ಲು," ಎಂದರು. ಮೇಜಿನ ಸುತ್ತ ಇದ್ದವರೆಲ್ಲ ಅಂಥ ಮನೆತನಗಳಿಂದಲೇ ಬಂದವರು. ಪ್ರತಿಯೊಬ್ಬರಿಗೂ ಒಬ್ಬ ಅಜ್ಜಿ, ಒಬ್ಬ ಅತ್ತೆ ನೆನಪಾದರು. ನನಗೂ ನನ್ನ ಸೋದರತ್ತೆ ನೆನಪಾಗಿ ಹೊಟ್ಟೆ ತುಂಬ ನಕ್ಕೆ. ನಾಲ್ಕನೆಯ ಕಾರಣವೆಂದು 'ಮಡಿ, ಸಂಪ್ರದಾಯ' ಅಚ್ಚಾಯಿತು. ಐದನೆಯದು 'ಇತರೆ'.

ಕೆಲಸ ಹೀಗಿತ್ತು. ತಾಲೂಕು ಕಚೇರಿಯಿಂದ ಹಳ್ಳಿಯ ಮನೆಗಳ ಪಟ್ಟಿ ಇಸಿದುಕೊಳ್ಳುವುದು, ಅದರಲ್ಲಿ ಪ್ರತಿ ಐದನೆಯ ಮನೆಯನ್ನು ಗುರುತು ಮಾಡುವುದು, ಗುರುತಾದ ಮನೆಯ ಕಟ್ಟೆಯ ಮೇಲೆ ಕೂತು ಪ್ರಶ್ನೆ ಕೇಳಿ ಅಂಕಿ ಬರೆಯುವುದು. ನನ್ನ ಕೈಕೆಳಗೆ ಇಬ್ಬರು ತರುಣ ಪರಿವೀಕ್ಷಕರಿದ್ದರು. ಶನಿವಾರ ಮಧ್ಯಾಹ್ನವೇ ಅವರು ಮನೆಗೆ ಓಡುತ್ತಿದ್ದರು. ನಾನು ಸವಣೂರಿನ ಕೋಣೆಯಲ್ಲಿ ಅವರ ಕಾಗದಗಳನ್ನು ತಿದ್ದುತ್ತಿದ್ದೆ. ಅಪ್ಪ ಅವ್ವ ತೀರಿದ ಮೇಲೆ ಧಾರವಾಡದಲ್ಲಾದರೂ ನನಗೆ ಯಾವ ಮನೆ ಕಾದಿತ್ತು? ಹಾನಗಲ್ಲ ತಾಲೂಕಿನ ಆಡೂರಿನಲ್ಲಿ ನನ್ನ ಕೈಚೀಲ ನೋಡಿ ಮುದುಕನೊಬ್ಬ, "ಶಾಸನದ ಕಲ್ಲ ಓದಾಕ ಬಂದೀರೇನ್ರಿ? ಗುಡಿ ಕಡೆ ಹೋಗ್ರಿ," ಎಂದು ದಾರಿ ತೋರಿಸಿದ. ಅಲ್ಲಪ್ಪಾ, ನೀರು ಕೇಳುವುದಕ್ಕೆ ಬಂದೆ ಎಂದರೆ ಕುಡಿಯಲು ಒಂದು ತಂಬಿಗೆ ತಂದುಕೊಟ್ಟ. ಆ ದಿನ ಮಾತಾಡಿ ನಗಿಸಿದವನು ಅವನೊಬ್ಬನೇ.

ಹೆಚ್ಚಿನ ಹಳ್ಳಿಗಳಲ್ಲಿ ಹೆಂಗಸರು ಒಂದೇ ಮಾತು ಹೇಳಿದರು. "ಬೋರಿಂಗ ನೀರ ಅಡಗಿಗಿ ನಡ್ಯಂಗಿಲ್ರಿ." ಆ ಮಾತು ಕೇಳಿದೊಡನೆ ನನ್ನ ಕಿವಿಯಲ್ಲಿ ಸೋದರತ್ತೆಯ ದನಿ. ಪೆನ್ಸಿಲು ತಾನಾಗಿ ನಾಲ್ಕು ಎಂದು ಬರೆಯುತ್ತಿತ್ತು. ಪರಿವೀಕ್ಷಕರ ಪೆನ್ಸಿಲೂ ಅಷ್ಟೇ.

ಚಳಿಗಾಲ ಮುಗಿಯುವ ಹೊತ್ತಿಗೆ ಎಣಿಕೆ ಶುರುವಾಯಿತು. ಕೋಣೆಯ ನೆಲದ ಮೇಲೆ ಕಾಗದಗಳನ್ನು ಗುಡ್ಡೆ ಹಾಕಿ, ಮೊದಲು ತಾಲೂಕಿನಂತೆ, ಆಮೇಲೆ ಜಾತಿಯಂತೆ ವಿಂಗಡಿಸಿದೆ. ನಾಲ್ಕನೆಯ ಕಾರಣವೇ ಎಲ್ಲಕ್ಕಿಂತ ಮುಂದೆ. ವರದಿಯ ಸಾಲು ಕೂಡ ಮನಸ್ಸಿನಲ್ಲಿ ತಯಾರಾಗಿತ್ತು: ಜನರ ಮೂಢನಂಬಿಕೆ ಅಡ್ಡಿಯಾಗಿದೆ, ಪ್ರಚಾರ ಬೇಕು. ಮುಸಲ್ಮಾನ ಮನೆಗಳ ಗುಡ್ಡೆ ಎತ್ತಿಕೊಂಡೆ. ಅದರಲ್ಲೂ ನಾಲ್ಕು, ನಾಲ್ಕು, ನಾಲ್ಕು. ಕುರಿ ಕಡಿಯುವ ವೃತ್ತಿಯವರ ಮನೆಯಲ್ಲೂ ನಾಲ್ಕು. ತೊಗಲಿನ ವಾಶರಿಗೆ ಹೇಸುವ ಮಡಿ ಇವರ ಮನೆಗೆ ಯಾವಾಗ ಬಂತು?

ಎದ್ದು ನೇರ ಮನೆಯೊಡತಿಯ ಅಂಗಳಕ್ಕೆ ಹೋದೆ. ಅವರು ಎಲೆ ಜೋಡಿಸುತ್ತ ಕೂತಿದ್ದರು.

"ಅಮ್ಮಾ, ನೀವು ಬೋರಿಂಗ ನೀರು ಅಡಗಿಗೆ ಯಾಕ ಬಳಸೂದಿಲ್ಲ?"

"ಬ್ಯಾಳಿ ಬೇಯಂಗಿಲ್ರಿ ಅಕ್ಕಾರ," ಎಂದರು. "ನೀರ ಸವಳ ಐತಿ. ಎರಡಪಟ್ಟು ಕಟ್ಟಿಗಿ ಸುಟ್ರೂ ಬ್ಯಾಳಿ ಹಂಗ ಕುಂತಿರ್ತೈತಿ. ನಿಮಗ ತೋಟದ ಬಾವಿ ನೀರ ತುಂಬಸ್ತೇವಲ್ಲ, ಅದಕ್ಕ ನಿಮಗ ತಿಳದಿಲ್ಲ."

ಇಷ್ಟೇ. ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ. ಅಯ್ಯೋ ದೇವರೇ, ನಮ್ಮ ಮೂವರಲ್ಲಿ ಒಬ್ಬರಾದರೂ ಒಂದೇ ಒಂದು ಮನೆಯಲ್ಲಿ ಯಾಕೆ ಎಂದು ಕೇಳಿರಲಿಲ್ಲ. ಕಾಗದದಲ್ಲಿ ಕಾರಣ ಅಚ್ಚಾಗಿತ್ತಲ್ಲ!

ಮರುದಿನ ಧಾರವಾಡಕ್ಕೆ ಹೋದೆ. ನಿರ್ದೇಶಕರು ಕೆಟ್ಟವರಲ್ಲ, ಸಂಸ್ಥೆಗಾಗಿ ಊರೂರು ತಿರುಗಿ ಕೈಯೊಡ್ಡಿ ಹಣ್ಣಾದವರು. ನನ್ನ ಮಾತು ಪೂರ್ತಿ ಕೇಳಿ ಕನ್ನಡಕ ತೆಗೆದಿಟ್ಟರು.

"ನೋಡ್ರಿ ಬಾಯಾರ, ನಾಲ್ಕನೇದನ್ನೆಲ್ಲಾ ತಗದು ಐದಕ್ಕ ಹಾಕಿಬಿಡ್ರಿ. ಇತರೆ ಅಂತ. ಸುಳ್ಳೂ ಆಗೂದಿಲ್ಲ."

"ಇತರೆ ಅಂದ್ರ ಬಾವಿ ಉಳಿಯೂದಿಲ್ರಿ ಸರ್. ಬ್ಯಾಳಿ ಬೇಯೂದಿಲ್ಲ ಅಂತ ಬರದ್ರ ಉಳೀತದ."

"ಮತ್ತ ತಿರುಗಿ ಹೋಗಲಿಕ್ಕೆ ರೊಕ್ಕ ಎಲ್ಲದ? ಮಾರ್ಚ್ ದಾಟಿದ್ರ ಉಳಿದದ್ದು ಬರೂದಿಲ್ಲ. ಟೈಪಿಸ್ಟಗ ಎರಡು ಮಕ್ಕಳವ, ನಿಮಗ ಗೊತ್ತಿಲ್ಲೇನು?"

ಗೊತ್ತಿತ್ತು. ಟೈಪಿಸ್ಟ್ ಆಚೆಯ ಕೋಣೆಯಲ್ಲೇ ಕುಳಿತಿದ್ದರು. ಯಂತ್ರದ ಸದ್ದು ನಿಂತಿತ್ತು. ಕಡೆಗೆ ಒಂದು ಒಪ್ಪಂದವಾಯಿತು. ನಾನೊಬ್ಬಳೇ ತಿರುಗಬೇಕು, ಭತ್ತೆ ಇಲ್ಲ, ಮಾರ್ಚ್ ಮೂರನೆಯ ವಾರಕ್ಕೆ ಏನಿದೆಯೋ ಅದನ್ನು ತಂದು ಕೊಡಬೇಕು. ಪರಿವೀಕ್ಷಕರಿಬ್ಬರಿಗೂ ಪಗಾರವಿಲ್ಲದ ರಜೆ ಕೊಟ್ಟರು. ಅವರಲ್ಲೊಬ್ಬ ಬಸ್ ನಿಲ್ದಾಣದ ತನಕ ಬಂದು, "ಯಾಕ್ರಿ ಮ್ಯಾಡಂ, ಸುಮ್ಮ ಕುಂತಿದ್ರ ಆಗ್ತಿತ್ತಲ್ಲ," ಎಂದು ಹೇಳಿ ಹೋದ.

ಬರೀ ಬಾಯಿಮಾತು ಸಾಲದು ಎನ್ನುವುದು ನನಗೆ ಗೊತ್ತಿತ್ತು. ನೀರು ಪರೀಕ್ಷೆಯಲ್ಲಿ ಪಾಸಾಗಿದೆ, ಕುಡಿಯಲು ಯೋಗ್ಯ ಎಂದು ಇಲಾಖೆಯ ಎಂಜಿನಿಯರು ಹೇಳುವವರಿದ್ದರು. ಅದು ನಿಜವೂ ಆಗಿತ್ತು. ಆ ನೀರು ಕುಡಿದು ಯಾರೂ ಕಾಯಿಲೆ ಬಿದ್ದಿರಲಿಲ್ಲ. ಹಾಗಾಗಿ ನಾನೇ ಬೇಯಿಸಿ ನೋಡುವುದೆಂದು ನಿಶ್ಚಯಿಸಿದೆ. ಒಂದೇ ಅಂಗಡಿಯಲ್ಲಿ, ಒಂದೇ ಚೀಲದಿಂದ ತೊಗರಿ ಬೇಳೆ ತಂದೆ. ಒಂದೇ ಲೋಟದ ಅಳತೆ, ಒಂದೇ ಅಲ್ಯುಮಿನಿಯಂ ಪಾತ್ರೆ, ಅದೇ ಮುಚ್ಚಳ. ನೆನೆಹಾಕುವ ಹಾಗಿಲ್ಲ, ಉಪ್ಪಿಲ್ಲ, ಸೋಡಾ ಇಲ್ಲ. ಪ್ರತಿ ಹಳ್ಳಿಯಿಂದ ಎರಡು ಡಬ್ಬಿ ನೀರು, ಒಂದರಲ್ಲಿ ಬೋರಿಂಗಿನದು, ಇನ್ನೊಂದರಲ್ಲಿ ಹಳೆಯ ಬಾವಿಯದು. ಸ್ಟೋವಿಗೆ ಹಾಕುವ ಚಿಮಣಿ ಎಣ್ಣೆಯ ಬಾಟಲಿಗೆ ಕಾಗದದ ಪಟ್ಟಿ ಅಂಟಿಸಿ ಗೆರೆ ಎಳೆದೆ, ಎಷ್ಟು ಉರಿಯಿತು ಎಂದು ತಿಳಿಯಲು. ಬೇಳೆ ಬೆರಳ ನಡುವೆ ಹಿಸುಕಿದರೆ ಮಿದುವಾಗಬೇಕು, ನಡುವೆ ಗಟ್ಟಿ ಕಾಳು ಸಿಗಬಾರದು. ಅಲ್ಲಿಗೆ ಗಡಿಯಾರ ನೋಡುವುದು. ಸ್ಟೋವಿನ ಉರಿ ಹೊತ್ತು ಹೋದಂತೆ ಇಳಿಯುತ್ತಿದ್ದುದರಿಂದ, ಒಂದು ದಿನ ಬಾವಿಯ ನೀರು ಮೊದಲು, ಮರುದಿನ ಬೋರಿಂಗಿನದು ಮೊದಲು.

ಬಸ್ಸಿನಲ್ಲಿ ಡಬ್ಬಿಗಳದೇ ಒಂದು ರಾಮಾಯಣ. ರಟ್ಟೀಹಳ್ಳಿಯಿಂದ ಬರುವ ಬಸ್ಸಿನ ಕಂಡಕ್ಟರ್ ಮೂಸಿ ನೋಡಿ, "ಏನ್ರಿ ಅಕ್ಕಾರ, ಬರೇ ನೀರೇನು? ಸವಣೂರಾಗ ನೀರಿಲ್ಲೇನ್ರಿ?" ಎಂದು ಬಸ್ಸಿಗೆಲ್ಲ ಕೇಳುವಂತೆ ಕೂಗಿದ. ಎಲ್ಲ ನಕ್ಕರು. "ಐತಿ, ಬ್ಯಾಳಿ ಬೇಯಂಗಿಲ್ಲ," ಎಂದೆ. ಹಿಂದಿನ ಸೀಟಿನ ಹೆಂಗಸರು ನಗು ನಿಲ್ಲಿಸಿ, ಹೌದ್ರಿ ಹೌದ್ರಿ ಎಂದು ತಮ್ಮ ತಮ್ಮ ಊರಿನ ಬೋರಿಂಗಿಗೆ ಶಾಪ ಹಾಕತೊಡಗಿದರು. ಕಂಡಕ್ಟರ್ ಲಗೇಜಿನ ಚೀಟಿ ಹರಿಯದೆ ಮುಂದೆ ಹೋದ.

ಹಿರೇಕೆರೂರಿನ ಕಡೆಯ ಒಂದು ಹಳ್ಳಿಯಲ್ಲಿ, ಹಿಂದೆ ಹೋಗಿದ್ದ ಮನೆಗೇ ಮತ್ತೆ ಹೋಗಿ, ಯಾಕೆ ನಡೆಯುವುದಿಲ್ಲ ಎಂದು ಕೇಳಿದೆ. ಆ ಮನೆಯ ಸೊಸೆ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಅವಾಗ ಯಾಕಂತ ಕೇಳಲಿಲ್ಲಲ್ರಿ? ನಡ್ಯಂಗಿಲ್ಲ ಅಂದ್ವಿ, ಬರಕೊಂಡು ಎದ್ದು ಹ್ವಾದ್ರಿ. ಇವ್ರಿಗೆ ಗೊತ್ತೈತಿ ಬಿಡು ಅಂತ ಸುಮ್ಮನಾದ್ವಿ."

ಮೈಯೆಲ್ಲ ಉರಿದುಹೋಯಿತು, ಯಾರ ಮೇಲೆ ಉರಿಯಬೇಕೋ ತಿಳಿಯಲಿಲ್ಲ. ಇಷ್ಟು ಮನೆ ತಿರುಗಿದರೂ ಒಂದೇ ಒಂದು ಕಡೆ ಅಜ್ಜಿಯೊಬ್ಬರು, "ಅದರೊಳಗ ತೊಗಲು ಇರ್ತದಲ್ಲವಾ," ಎಂದು ಮೂಗು ಮುರಿದರು. ನಾಲ್ಕನೆಯ ಕಾರಣ ಕಡೆಗೂ ಸಿಕ್ಕಿತಲ್ಲ ಎಂದು ಅವರನ್ನು ಅಪ್ಪಿಕೊಳ್ಳುವ ಹಾಗಾಯಿತು.

ಸಂಜೆ ಕೋಣೆಗೆ ಬಂದು ಸ್ಟೋವು ಹಚ್ಚಿ ಕೂರುತ್ತಿದ್ದೆ. ಗಡಿಯಾರ, ಬಾಟಲಿ, ಪಾತ್ರೆ, ನಾನು. ಬೇಳೆ ಹಿಸುಕುವುದು, ಬರೆಯುವುದು, ಮತ್ತೆ ಹಿಸುಕುವುದು. ದಿನವೂ ಎರಡು ಪಾತ್ರೆಯ ಬೇಳೆ ಒಬ್ಬಳಿಗೆ. ಉಪ್ಪು ಹಾಕಿಕೊಂಡು ಒಂದನ್ನು ಉಣ್ಣುತ್ತಿದ್ದೆ, ಇನ್ನೊಂದು ಮನೆಯೊಡತಿಯ ಆಡಿಗೆ. ಗೋಡೆಯಾಚೆ ಅವರ ಮನೆಯಲ್ಲಿ ಊಟದ ಗದ್ದಲ, ಮೊಮ್ಮಕ್ಕಳ ಜಗಳ, ಗಂಗಾಳಗಳ ಸದ್ದು. ಇಡೀ ದಿನ ನೂರು ಜನರ ಜೊತೆ ಮಾತಾಡಿ ಬಂದಿದ್ದರೂ ಆ ಹೊತ್ತಿಗೆ ಗೋಡೆಗೆ ಕಿವಿಗೊಟ್ಟು ಕೂರುತ್ತಿದ್ದೆ. ನಾನು ಪ್ರಶ್ನೆ ಕೇಳುವವಳು. ನನ್ನನ್ನು ಏನಾದರೂ ಕೇಳುವವರು ಆ ವರ್ಷ ಯಾರೂ ಇರಲಿಲ್ಲ. ಅಳಲಿಲ್ಲ ಎಂದರೆ ಸುಳ್ಳಾದೀತು.

ಸವಣೂರು, ಶಿಗ್ಗಾಂವಿ ಕಡೆಯ ನೀರಿನಲ್ಲಿ ಅಂತರ ಕಣ್ಣಿಗೆ ಹೊಡೆಯುವಂತಿತ್ತು. ಬಾವಿಯ ನೀರಿನಲ್ಲಿ ಕರಗಿದ ಬೇಳೆ ಬೋರಿಂಗಿನ ನೀರಿನಲ್ಲಿ ಸುತ್ತು ಹಾಕುತ್ತ ಕೂತಿರುತ್ತಿತ್ತು, ಎಣ್ಣೆ ಮಾತ್ರ ಇಳಿಯುತ್ತಿತ್ತು. ಗೆದ್ದೆ ಎಂದುಕೊಂಡೆ. ಆಗ ಹಾನಗಲ್ಲ ತಾಲೂಕಿನ ಡಬ್ಬಿಗಳು ಬಂದವು. ಕೆರೆಗಳ ಬದಿಯ ಮೊದಲ ಹಳ್ಳಿಯ ಬೋರಿಂಗಿನ ನೀರಿನಲ್ಲಿ ಬೇಳೆ ಬೆಣ್ಣೆಯಾಯಿತು. ಎರಡನೆಯ ಹಳ್ಳಿಯದೂ ಬೆಂದಿತು. ಮೂರನೆಯದು ಬೇಯಲಿಲ್ಲ. ನನ್ನ ಮುಖ ಸಣ್ಣದಾಯಿತು. ಎಲ್ಲ ಬೋರಿಂಗೂ ಕೆಟ್ಟದ್ದು ಎಂದು ಬರೆದರೆ ಅದೂ ಧಾರವಾಡದ ಮೇಜಿನ ಮೇಲೆ ಬರೆದ ಕಾರಣದಂಥದ್ದೇ. ಯಾವ ಊರಿನದು ಬೇಯಿಸುತ್ತದೆ, ಯಾವ ಊರಿನದು ಬೇಯಿಸುವುದಿಲ್ಲ ಎಂದು ಊರೂರಿನ ಹೆಸರು ಹಿಡಿದು ಹೇಳಬೇಕಿತ್ತು. ಅರ್ಧದಷ್ಟು ಊರುಗಳು ಇನ್ನೂ ಬಾಕಿ ಇದ್ದವು. ಮಾರ್ಚ್ ಮೂರನೆಯ ವಾರ ಬಂದೇ ಬಿಟ್ಟಿತ್ತು.

ಅಂಚೆ ಕಚೇರಿಗೆ ಟ್ರಂಕ್ ಕಾಲ್ ಬಂತು. "ಬಾಯಾರ, ಎಷ್ಟಾಗೇದ ಅಷ್ಟು ತಗೊಂಡು ನಾಳಿಗೆ ಬಂದುಬಿಡ್ರಿ. ಉಳಿದ ಊರು ಅಂದಾಜಿನ ಮ್ಯಾಲೆ ಹಾಕೋಣು," ಎಂದರು ನಿರ್ದೇಶಕರು.

"ಅಂದಾಜು ಹಾಕಿದ್ರ ಬ್ಯಾಳಿ ಬೇಯೋ ಊರಿನ ಬಾವಿ ಉಳದು, ಬೇಯದ ಊರಿಂದು ಹೋದೀತ್ರಿ."

"ಇಲ್ಲೆ ಜನರ ಪಗಾರ ಹೋಗ್ತದ!" ಎಂದವರೇ ಫೋನು ಇಟ್ಟುಬಿಟ್ಟರು.

ಮರುದಿನ ಬೆಳಿಗ್ಗೆ ಟ್ರಂಕಿನಲ್ಲಿ ಕಾಗದ ತುಂಬಿಕೊಂಡು ಬಸ್ ನಿಲ್ದಾಣಕ್ಕೆ ಹೋದೆ. ಹುಬ್ಬಳ್ಳಿಯ ಬಸ್ಸು ಬಂತು, ಕಂಡಕ್ಟರ್ ಕೂಗಿದ. ಟೈಪಿಸ್ಟರ ಇಬ್ಬರು ಮಕ್ಕಳು ಕಣ್ಣ ಮುಂದೆ ಬಂದರು. ಸೊಂಟಕ್ಕೆ ಕೈಯಿಟ್ಟು ನಿಂತ ಆ ಸೊಸೆಯೂ ಬಂದಳು. ಬಸ್ಸು ಹೊರಟುಹೋಯಿತು, ನಾನು ಹತ್ತಲಿಲ್ಲ. ಕೋಣೆಗೆ ಹಿಂದಿರುಗಿ, ಡಬ್ಬಿಗಳನ್ನು ಎತ್ತಿಕೊಂಡು ಹಾನಗಲ್ಲಿನ ಬಸ್ಸಿಗೆ ಬಂದೆ.

ಊರುಗಳೆಲ್ಲ ಮುಗಿದಾಗ ಮಾರ್ಚ್ ಕಳೆದಿತ್ತು. ವರದಿ ಹೊತ್ತು ಧಾರವಾಡಕ್ಕೆ ಹೋದರೆ ಕಚೇರಿಯಲ್ಲಿ ಯಾರೂ ಬನ್ನಿ ಎನ್ನಲಿಲ್ಲ. ಟೈಪಿಸ್ಟ್ ನನ್ನ ಕೈಯಿಂದ ಹಾಳೆ ಇಸಿದುಕೊಂಡು, ಮುಖ ನೋಡದೆ ಟೈಪು ಮಾಡಿದರು, ಒಂದಕ್ಷರ ತಪ್ಪಿಲ್ಲದೆ. ನಿರ್ದೇಶಕರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಪರಿಶೀಲನಾ ಸಭೆಗೆ ಬೆಂಗಳೂರಿನಿಂದ ಬಂದ ಎಂಜಿನಿಯರು ನಾನು ನಿರೀಕ್ಷಿಸಿದ್ದನ್ನೇ ಹೇಳಿದರು. "ನಮ್ಮ ನೀರು ಟೆಸ್ಟ್ ಪಾಸಾಗಿದೆ ಮೇಡಂ. ಅಡುಗೆ ವಿಷಯ ಇಲಾಖೆಗೆ ಸಂಬಂಧ ಇಲ್ಲ."

"ನೀರು ಸರಿ ಅದರಿ. ಆದ್ರ ಅದನ್ನ ಕುಡದು ಹೊಟ್ಟಿ ತುಂಬೂದಿಲ್ಲಲ್ರಿ," ಎಂದೆ. ನಿರ್ದೇಶಕರು ನನ್ನ ಪರವಾಗಿ ಎದ್ದು ನಿಂತದ್ದು ಆಗಲೇ. ಊರಿನಂತೆ ಇದ್ದ ಆ ಕೋಷ್ಟಕವನ್ನು, ಎಣ್ಣೆಯ ಲೆಕ್ಕವನ್ನು ಒಂದೊಂದಾಗಿ ಓದಿದರು. ಹಾನಗಲ್ಲಿನ ಬೇಳೆ ಬೆಂದ ಊರುಗಳನ್ನೂ ಬಿಡದೆ ಓದಿದರು. ಬೆಂದ ಊರುಗಳನ್ನೂ ಮುಚ್ಚಿಟ್ಟಿಲ್ಲವೆಂದು ಕಂಡ ಮೇಲೆ ಎಂಜಿನಿಯರು ತಮ್ಮ ಮಾತು ಹಿಂತೆಗೆದುಕೊಂಡರು. ಕೆಲವು ತಿಂಗಳಲ್ಲಿ ಆದೇಶವಾಯಿತು: ಬೇಳೆ ಬೇಯದ ಊರುಗಳ ಹಳೆಯ ಬಾವಿಗಳು ಪಟ್ಟಿಯಲ್ಲೇ ಇರತಕ್ಕದ್ದು. ಅನುದಾನದ ಉಳಿದರ್ಧ ಮಾತ್ರ ಅವಧಿ ಮೀರಿದ ಕಾರಣಕ್ಕೆ ರದ್ದಾಯಿತು.

ನಿರ್ದೇಶಕರು ಎಲ್ಲರನ್ನೂ ಕೂರಿಸಿಕೊಂಡು ಒಬ್ಬರನ್ನು ಬಿಡದೆ ಗತಿಯಿಲ್ಲ ಎಂದರು. ಯಾರೂ ನನ್ನತ್ತ ನೋಡಲಿಲ್ಲ. "ನಾನ ಹೋಗ್ತೇನ್ರಿ. ನನ್ನ ಪಗಾರದಾಗ ಉಣ್ಣೋರು ಯಾರೂ ಇಲ್ಲ," ಎಂದೆ. ಯಾರಾದರೂ ಒಬ್ಬರು, ಛೇ ಛೇ, ಹಾಗೆಲ್ಲ ಅನ್ನಬೇಡಿ ಎನ್ನುತ್ತಾರೆಂದು ಒಂದು ಗಳಿಗೆ ಕಾದೆ. "ಅದು ಖರೇ ಅದ," ಎಂದರು ನಿರ್ದೇಶಕರು. ಟೈಪಿಸ್ಟ್ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಕೋಣೆ ಖಾಲಿ ಮಾಡಲು ಸವಣೂರಿಗೆ ಬಂದೆ. ಸಂಜೆ ಟ್ರಂಕು ಕಟ್ಟುತ್ತಿದ್ದಾಗ ಮನೆಯೊಡತಿ ಹೊಸ್ತಿಲಿಗೆ ಬಂದು ನಿಂತರು.

"ಎಷ್ಟ ದಿನಾ ರಜಾ ರೀ ಅಕ್ಕಾರ?"

"ರಜಾ ಅಲ್ರಿ ಅಮ್ಮಾ. ನೌಕರಿ ಬಿಟ್ಟೆ. ಬಾವಿ ಉಳದಾವು."

ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡು ಮೆಲ್ಲಗೆ ಹೇಳಿದರು: "ನೀವೊಬ್ಬರ ಕುಂತು ಉಣ್ಣೂದನ್ನ ವರ್ಷಪೂರ್ತಿ ನೋಡೇನ್ರಿ. ನಮ್ಮ ಹಬ್ಬದಾಗ ಕರೀಬೇಕಂತ ಬಾಗಲತನಕಾ ಬಂದು ತಿರಗಿ ಹೋಗೇನಿ. ನೀವು ಆಚಾರದವ್ರು, ನಮ್ಮ ಮನ್ಯಾಗ ಉಣ್ಣಂಗಿಲ್ಲಂತ ಬಿಟ್ಟೆ."

"ಒಂದ್ ಮಾತು ಕೇಳಬೇಕಿತ್ತಲ್ರಿ?"

"ಕೇಳೂದೇನೈತ್ರಿ ಅದ್ರಾಗ? ಎಲ್ಲಾರಿಗೂ ಗೊತ್ತಿದ್ದದ್ದ ಅಲ್ಲೇನು?"

ಕೈಯಲ್ಲಿದ್ದ ಹಗ್ಗ ಕೆಳಗಿಟ್ಟೆ. ಹೇಳಬಾರದೆಂದುಕೊಂಡರೂ ಬಾಯಿಗೆ ಬಂದೇ ಬಿಟ್ಟಿತು.

"ಉಣ್ತಿದ್ದೆರಿ ಅಮ್ಮಾ," ಎಂದೆ. "ಕರದಿದ್ರ ದಿನಾ ಉಣ್ತಿದ್ದೆ."